ಎಷ್ಟು ದಿಂಬು?

ಹೃದಯದ ವಾರ್ಡಿನ ದೊಡ್ಡ ಸಿಸ್ಟರ್‌ಗೆ ಮೈಯೆಲ್ಲ ಉರಿಯಬೇಕಾದರೆ ರೋಗಿ "ಚೆನ್ನಾಗಿದ್ದೀನಿ" ಅಂದರೆ ಸಾಕು. "ಚೆನ್ನಾಗಿರೋರು ಇಲ್ಲಿಗ್ಯಾಕೆ ಬಂದ್ರಿ, ನನ್ನ ಮುಖ ನೋಡೋಕಾ?" ಎಂದು ಗದರಿ, ಊದಿದ ಕಾಲಿನ ಮೇಲೆ ಹೆಬ್ಬೆರಳು ಒತ್ತಿ, ಬಿದ್ದ ಗುಳಿಯನ್ನು ಮನೆಯವರಿಗೆ ತೋರಿಸುತ್ತಾರೆ: "ನೋಡಿ, ಬಾಯಿ ಸುಳ್ಳು ಹೇಳತ್ತೆ, ಕಾಲು ಹೇಳಲ್ಲ." ಹಾಸಿಗೆಯಡಿ ಉಪ್ಪಿನ ಪೊಟ್ಟಣ ಸಿಕ್ಕಿತೋ, ವಾರ್ಡೇ ಅದುರುತ್ತದೆ. ಆಮೇಲೆ ಅವರ ಮಾಮೂಲಿ ಪ್ರಶ್ನೆ: "ಮಲಗೋಕೆ ಎಷ್ಟು ದಿಂಬು ಬೇಕು?" ಹೃದಯ ಸೋತವರು ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ, ದಿಂಬು ಏರಿದಷ್ಟೂ ಕಾಯಿಲೆ ಏರಿದೆ ಎಂದೇ ಲೆಕ್ಕ. ಇದು ಗೊತ್ತಿದ್ದೂ ಆಸ್ಪತ್ರೆಯ ಆಫೀಸು ಮಂಚಕ್ಕೊಂದೇ ದಿಂಬು ಎಂದು ಹಟ ಹಿಡಿದು ಕೂತಿದೆ. "ಅವರಿಗೆ ಕೂರೋಕೊಂದು ಮೆತ್ತೆ, ಒರಗೋಕೊಂದು ಮೆತ್ತೆ, ನನ್ನ ಅಜ್ಜಂದಿರು ಉಸಿರಿಗೆ ಒದ್ದಾಡಬೇಕಾ?" ಎಂದು ಹಲ್ಲು ಕಡಿಯುತ್ತ, ಮೇಲಧಿಕಾರಿಯ ಕುರ್ಚಿಯ ಮೆತ್ತೆಯನ್ನೇ ಹಾಡಹಗಲಲ್ಲಿ ಎತ್ತಿಕೊಂಡು ಬಂದ ಗಟ್ಟಿಗಿತ್ತಿ ಅವರು. ಅದೂ ಸಾಲದೆ ಮನೆಯ ದಿಂಬುಗಳೆಲ್ಲ ಒಂದೊಂದಾಗಿ ವಾರ್ಡು ಸೇರಿದವು. ಗಂಡನ ತಲೆಯಡಿಯದನ್ನೂ ಬಿಡಲಿಲ್ಲ. ಆ ಮನುಷ್ಯ ಮೊನ್ನೆ ಒಂದು ಜೊತೆ ಹೊಸ ದಿಂಬು ಕಂಕುಳಲ್ಲಿ ಅವುಚಿಕೊಂಡು ವಾರ್ಡಿಗೇ ಬಂದರು. "ಇವು ರೋಗಿಗಳಿಗಲ್ಲ ಕಣೇ, ನಿನಗೆ. ಒಂದು ತಿಂಗಳಿಂದ ಗೋಡೆಗೊರಗಿ ಕೂತೇ ನಿದ್ದೆ ಮಾಡ್ತಿದ್ದೀಯಲ್ಲ!" ಸಿಸ್ಟರ್‌ಗೆ ಸಿಟ್ಟು ನೆತ್ತಿಗೇರಿತು. "ಸುಮ್ನಿರಿ! ಮನೇಲಿ ದಿಂಬಿಲ್ಲ, ಅದಕ್ಕೆ ಕೂತ್ಕೋತೀನಿ. ನನಗೇನಾಗಿದೆ? ಚೆನ್ನಾಗಿದ್ದೀನಿ!" ಆ ಮಾತು ಕೇಳಿದ್ದೇ, ಇಡೀ ವಾರ್ಡು ಅವರ ಕಾಲಿನ ಕಡೆ ನೋಡಿತು.