ಕತ್ತಲಲ್ಲಿ ಎಣಿಸಬೇಕಾದ ಹಾಳೆಗಳು

ನನ್ನ ಅತ್ತೆ ಮೂವತ್ತೆಂಟು ವರ್ಷ ಟಚಿಂಗ್ ಕೆಲಸ ಮಾಡಿದವರು. ಮಾವನ ಸ್ಟುಡಿಯೊದ ಹಿಂದಿನ ಕೋಣೆಯಲ್ಲಿ, ಕಿಟಕಿಗೆ ಆನಿಸಿದ ಓರೆ ಮೇಜಿನ ಮುಂದೆ ಕೂತು, ಅಂಗೈಯಗಲದ ನೆಗೆಟಿವ್‌ಗಳ ಮೇಲೆ ಚೂಪು ಪೆನ್ಸಿಲ್ ಆಡಿಸಿ ಜನರ ಮೊಡವೆ, ಸುಕ್ಕು, ಕಣ್ಣಡಿಯ ಕಪ್ಪು ಎಲ್ಲವನ್ನೂ ಮಾಯ ಮಾಡುತ್ತಿದ್ದರು. ಊರಿನ ಅರ್ಧ ಮದುಮಕ್ಕಳ ಚೆಲುವು ಆ ಪೆನ್ಸಿಲ್ಲಿನದು. ಅವರದೇ ಒಂದು ಒಳ್ಳೆಯ ಫೋಟೊ ಮಾತ್ರ ಮನೆಯಲ್ಲಿಲ್ಲ. ಕೇಳಿದರೆ ಮಾವ, "ಅವಳು ಯಾವಾಗ ಬೇಕಾದ್ರೂ ಸಿಗ್ತಾಳಲ್ಲ ಅಂದ್ಕೊಂಡೆ" ಎನ್ನುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಹೋದ ವರ್ಷ ಕಣ್ಣಿನ ಡಾಕ್ಟರು ಅತ್ತೆಗೆ, ದೃಷ್ಟಿ ನಡುವಿನಿಂದ ಮಸುಕಾಗುತ್ತಾ ಹೋಗುತ್ತದೆ, ಸೂಕ್ಷ್ಮ ಕೆಲಸ ಇನ್ನು ಆರು ತಿಂಗಳು ಮಾಡಬಹುದೇನೋ ಎಂದರು. ಅತ್ತೆ ಅಳಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುತ್ತಾ ಮಾವನಿಗೆ, "ನಂದೊಂದು ಫೋಟೊ ತೆಗೀರಿ. ಟಚಿಂಗ್ ನಾನೇ ಮಾಡ್ಕೋತೀನಿ. ಕೊನೇದು ಅದೇ ಆಗ್ಲಿ" ಎಂದರು.

ಅದಕ್ಕೆ ಹಾಳೆ ಫಿಲ್ಮೇ ಬೇಕು. ಮೊಬೈಲಿನ ಚಿತ್ರದ ಮೇಲೆ ಪೆನ್ಸಿಲ್ ಓಡುವುದಿಲ್ಲ. ನಮ್ಮಲ್ಲಿ ಆ ಹಾಳೆ ಮಾರುವುದು ನಿಂತು ಹನ್ನೆರಡು ವರ್ಷವಾಯಿತು. ನಾನು ಕಂಪ್ಯೂಟರಿನ ಮುಂದೆ ಕೂತು ಹೊರದೇಶದ ಅಂಗಡಿಯೊಂದನ್ನು ಹುಡುಕಿ, ಇಪ್ಪತ್ತೈದು ಹಾಳೆಯ ಒಂದು ಡಬ್ಬಿಗೆ ಆರ್ಡರ್ ಹಾಕಿದೆ. ಮೂರು ವಾರದಲ್ಲಿ ಅದು ಗಡಿ ದಾಟಿತು. ದಾಟಿ ಅಲ್ಲೇ ಠಿಕಾಣಿ ಹೂಡಿತು. ಕಸ್ಟಮ್ಸ್‌ನವರು ಬಿಲ್ಲು ಕೇಳಿದರು, ಕಳಿಸಿದೆ. ಗುರುತಿನ ಚೀಟಿ ಕೇಳಿದರು, ಕಳಿಸಿದೆ. ವ್ಯಾಪಾರಕ್ಕೋ ಸ್ವಂತಕ್ಕೋ ಎಂದರು, ಸ್ವಂತಕ್ಕೆ ಎಂದು ಬರೆದೆ. ಸ್ವಂತಕ್ಕಾದರೆ ಇಪ್ಪತ್ತೈದು ಯಾಕೆ ಎಂದರು. ಅಂಗಡಿಯವರು ಬಿಡಿಯಾಗಿ ಕೊಡುವುದಿಲ್ಲ ಎಂದು ಅವರಿಗೆ ಅರ್ಥ ಮಾಡಿಸುವಷ್ಟರಲ್ಲಿ ನಾಲ್ಕು ತಿಂಗಳು ಕಳೆದಿತ್ತು, ನನ್ನ ಗಂಟಲ ಪಸೆ ಆರಿತ್ತು. ಇತ್ತ ಅತ್ತೆ ದಿನಾ ಬೆಳಿಗ್ಗೆ ಪೇಪರಿನ ಸಣ್ಣ ಜಾಹೀರಾತು ಓದಿ ಕಣ್ಣು ಪರೀಕ್ಷಿಸಿಕೊಳ್ಳುತ್ತಿದ್ದರು. ವಾರದಿಂದ ವಾರಕ್ಕೆ ಪೇಪರು ಮೂಗಿಗೆ ಹತ್ತಿರವಾಗುತ್ತಿತ್ತು.

ಕೊನೆಗೊಂದು ದಿನ, ಖುದ್ದಾಗಿ ಬಂದು ಡಬ್ಬಿ ತೆರೆದು ತೋರಿಸಿ ಎಂಬ ಪತ್ರ ಬಂತು. ಮಾವನೂ ನಾನೂ ಕಸ್ಟಮ್ಸ್ ಕಚೇರಿಗೆ ಹೋದೆವು.

"ಬೆಳಕಲ್ಲಿ ತೆರೆದ್ರೆ ಎಲ್ಲಾ ಹಾಳಾಗುತ್ತೆ ಸಾರ್," ಎಂದರು ಮಾವ.

"ತೆರೀದೆ ಒಳಗೇನಿದೆ ಅಂತ ನಾನು ಹೇಗೆ ಬರೀಲಿ, ಹೇಳಿ?" ಎಂದರು ಅಧಿಕಾರಿ. ಒರಟು ಮನುಷ್ಯನಲ್ಲ. ಅದೇ ಇನ್ನೂ ಕಷ್ಟ, ಬೈಯುವುದಕ್ಕೂ ಆಗುವುದಿಲ್ಲ.

ಮಾವ ಇದನ್ನು ನಿರೀಕ್ಷಿಸಿಯೇ ಬಂದಿದ್ದರು. ಕತ್ತಲ ಚೀಲ ತೆಗೆದು ಮೇಜಿನ ಮೇಲಿಟ್ಟರು. ಎರಡು ಪದರದ ಕಪ್ಪು ಬಟ್ಟೆ, ಕೈ ತೂರಿಸಲು ಎರಡು ತೋಳು. ಒಳಗೆ ಬೆಳಕು ನುಸುಳುವುದಿಲ್ಲ. ಡಬ್ಬಿಯನ್ನು ಅದರೊಳಗಿಟ್ಟು ಜಿಪ್ ಎಳೆದು, "ಕೈ ಹಾಕಿ ನೀವೇ ಎಣಿಸ್ಕೊಳ್ಳಿ. ಅಂಚು ಮಾತ್ರ ಮುಟ್ಟಿ" ಎಂದರು. ಉಂಗುರ ತೆಗೆಸಿದರು. ಕೈ ಬೆವರು ಒರೆಸಿಕೊಳ್ಳಲು ಹೇಳಿದರು. ಅಧಿಕಾರಿಗೆ ಖುಷಿಯೇ ಆಯಿತು. ಮೊಣಕೈವರೆಗೆ ಕೈ ತೂರಿಸಿ, ಛಾವಣಿ ನೋಡುತ್ತಾ, ಒಂದು, ಎರಡು ಎಂದು ಗಟ್ಟಿಯಾಗಿ ಎಣಿಸತೊಡಗಿದರು. ಹದಿನೆಂಟರ ಹೊತ್ತಿಗೆ ಮೇಜಿನ ಮೇಲಿದ್ದ ಅವರ ಮೊಬೈಲು ಬಡಿದುಕೊಂಡಿತು. ಎಣಿಕೆ ತಪ್ಪೀತೆಂದು ಎತ್ತಲಿಲ್ಲ. ಇಪ್ಪತ್ತೈದೂ ಮುಗಿಸಿ, ಮುಚ್ಚಳ ಹಾಕಿ, "ಲೆಕ್ಕ ಸರಿ ಇದೆ" ಎಂದು ಕೈ ಹೊರಗೆಳೆದರು.

ಎಡಗೈಯ ಅಂಗಿತೋಳು ಮೇಲೆ ಸರಿದಿತ್ತು. ಮಣಿಕಟ್ಟಿನಲ್ಲಿ ಅಗಲವಾದ ಡಿಜಿಟಲ್ ಗಡಿಯಾರ. ಮೊಬೈಲಿಗೆ ಕರೆ ಬಂದರೆ ತಾನೂ ಬೆಳಗುವ ಜಾತಿಯದು. ಅದು ಇನ್ನೂ ಬೆಳಗುತ್ತಿತ್ತು.

ಮಾವ ನನ್ನ ಮುಖ ನೋಡಿದರು. ಸಹಿ ಹಾಕಿ ಹೊರಗೆ ಬಂದೆವು. ಅಲ್ಲೇ ಕಿರುಚಾಡಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ. ಕಿರುಚಾಡಿ ಪಡೆಯುವುದಾದರೂ ಏನಿತ್ತು?

"ಅಡಿಯಲ್ಲಿದ್ದ ನಾಲ್ಕೈದು ಉಳಿದಿರಬಹುದು ಕಣಮ್ಮ," ಎಂದರು ಮಾವ ಬಸ್ಸಿನಲ್ಲಿ. "ಅವಳಿಗೆ ಹೇಳೋದು ಬೇಡ."

ಮರುದಿನ ಅತ್ತೆ ತಲೆ ಬಾಚಿಕೊಂಡು ಕಿಟಕಿಯ ಪಕ್ಕ ಕೂತರು. ಮಾವ ಅಡಿಯ ಐದು ಹಾಳೆಗಳಲ್ಲಿ ಫೋಟೊ ತೆಗೆದರು, ತೊಳೆದು ಒಣಗಲು ಹಾಕಿದರು. ಐದೂ ಬೆಳಕು ತಾಗಿ ಕಪ್ಪು. ಮಸಿಯೊಳಗೆ ಒಂದು ಕೆನ್ನೆ ಇದೆಯೋ ಇಲ್ಲವೋ ಎನ್ನುವಷ್ಟು. ನಾವು ಅವನ್ನು ಬಚ್ಚಿಡುವ ಮೊದಲೇ ಅತ್ತೆ ಒಂದನ್ನು ಬಿಡಿಸಿಕೊಂಡು ಹೋಗಿ ಮೇಜಿನ ಮುಂದೆ ಕೂತಿದ್ದರು. ಭೂತಗನ್ನಡಿ ಹಿಡಿದರು, ಇಳಿಸಿದರು, ಕನ್ನಡಕ ಒರೆಸಿ ಮತ್ತೆ ಹಿಡಿದರು.

"ನಿನ್ನೆವರೆಗೂ ಪರವಾಗಿರ್ಲಿಲ್ಲ ಕಣ್ಣು," ಎಂದರು. "ಇವತ್ತು ನನ್ನ ಮುಖಾನೇ ಕಾಣಿಸ್ತಿಲ್ಲ."

ನನಗೆ ತಡೆಯಲಾಗಲಿಲ್ಲ. ಕಚೇರಿಯಲ್ಲಿ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ, "ನಿಮ್ಮ ಕಣ್ಣಿಗೇನೂ ಆಗಿಲ್ಲ ಅತ್ತೆ, ಫಿಲ್ಮೇ ಹಾಳಾಗಿರೋದು" ಎಂದೆ. ಮಾವ ಹೌದು ಹೌದು ಎನ್ನುತ್ತಾ ಹಳೆಯ ನೆಗೆಟಿವ್ ಒಂದನ್ನು ತಂದು, "ಬೇಕಾದ್ರೆ ಇದನ್ನ ನೋಡು" ಎಂದು ಮುಂದೆ ಹಿಡಿದರು. ಅತ್ತೆ ಕೈ ಚಾಚಲಿಲ್ಲ. ಪೆನ್ಸಿಲ್ಲಿಗೆ ಕ್ಯಾಪು ಹಾಕಿದರು.

"'ನಿಮ್ಮ ಮುಖಕ್ಕೇನೂ ಆಗಿಲ್ಲ, ಫಿಲ್ಮೇ ಸರಿ ಇಲ್ಲ' ಅಂತ ಇಲ್ಲಿ ಕೂತು ಎಷ್ಟು ಜನಕ್ಕೆ ಹೇಳಿದೀನಿ ಗೊತ್ತೇನೆ ನಿನಗೆ?" ಎಂದರು. "ಒಬ್ಬರಿಗೂ ನಿಜ ಹೇಳಿಲ್ಲ."