ಸಾಹೇಬರ ದನಿಯಲ್ಲಿ ಒಂದು ರಜೆ

ಚಿಕುನ್‌ಗುನ್ಯಾ ನಮ್ಮ ಕಡೆಗೆ ಬಂದ ವರ್ಷ ನಾನು ಜಮಖಂಡಿಯ ಠಾಣೆಯೊಂದರಲ್ಲಿ ಹೊಸ ಕಾನ್‌ಸ್ಟೇಬಲ್. ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ, ಆದರೆ ಠಾಣೆಯ ಎಲ್ಲರ ದನಿಯೂ ನನ್ನ ಗಂಟಲಿಗೆ ಬಂದಿತ್ತು. ಇನ್‌ಸ್ಪೆಕ್ಟರ್ ಸಾಹೇಬರು ಪ್ರತಿ ಮಾತಿಗೂ ಮುಂಚೆ ಮೂಗಿನಿಂದ ಬಿಡುವ ‘ಹ್ಞೂಂ’, ಡ್ಯೂಟಿ ಹಂಚುವ ಎಎಸ್‌ಐ ಮರಾಠಿ ಬೆರೆಸಿ ಬೈಯುವ ವರಸೆ, ಲಾಕಪ್ ಬಾಗಿಲಿನ ಕಿರಗುಟ್ಟುವಿಕೆ, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ನನ್ನನ್ನು ನಾನೇ ಅಣಕಿಸಿಕೊಳ್ಳುವುದಂತೂ ತೀರ ಸುಲಭ: ಮೇಲೆ ತಲೆಗಿಂತ ದೊಡ್ಡ ಟೋಪಿ, ಕೆಳಗೆ ಕಾಲಿಗಿಂತ ದೊಡ್ಡ ಬೂಟು, ನಡುವೆ ಒಂದು ಬೆಂಡೆಕಾಯಿ.

ಆ ರೋಗ ಮಾತ್ರ ನನಗಿಂತ ದೊಡ್ಡ ನಕಲಿ. ಜ್ವರ ಬೇಗ ಬಿಡುತ್ತಿತ್ತು, ಕೀಲುನೋವು ಬಿಡುತ್ತಿರಲಿಲ್ಲ. ಹಾಸಿಗೆಯಿಂದ ಎದ್ದವರೆಲ್ಲ ನೆಲದ ಮೇಲೆ ಏನೋ ಕಳೆದುಕೊಂಡವರ ಹಾಗೆ ಬಾಗಿ ನಡೆಯುತ್ತಿದ್ದರು. ಇಡೀ ಊರಿಗೆ ಒಂದೇ ನಡಿಗೆ. ಠಾಣೆಯಲ್ಲೂ ಅರ್ಧ ಜನ ಹಾಗೇ ಇದ್ದರು, ಆದರೆ ರಜೆ ಬಂದ್. ಬಾಗಿದವರು ಬಾಗಿಕೊಂಡೇ ಡ್ಯೂಟಿಗೆ ಹೋಗಬೇಕಿತ್ತು.

ಡ್ಯೂಟಿ ಏನೆಂದರೆ, ಆರೋಗ್ಯ ಇಲಾಖೆಯವರ ಜೊತೆ ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಿಗೆ ಹೋಗಿ ಮನೆಮನೆಯ ಡ್ರಮ್ಮು, ಹಂಡೆ, ಕೊಡಗಳಲ್ಲಿ ಇಣುಕುವುದು. ಸೊಳ್ಳೆಮರಿ ಕಂಡರೆ ನೀರು ಚೆಲ್ಲಿಸುವುದು. ನಳ ಬರುತ್ತಿದ್ದದ್ದು ವಾರಕ್ಕೊಮ್ಮೆ, ಅದೂ ಮನಸ್ಸಾದರೆ. ಅತ್ತ ಕೃಷ್ಣೆಯಲ್ಲಿ ಬ್ಯಾರೇಜಿಗೆ ತಡೆದ ನೀರು ಕಣ್ಣು ಹಾಯುವ ತನಕ ನಿಂತಿರುತ್ತಿತ್ತು. ಇತ್ತ ಹೆಂಗಸರು ಜಗಳಾಡಿ ಕೂಡಿಟ್ಟ ನೀರನ್ನು ನಾವು ಖಾಕಿ ತೊಟ್ಟು ಗಟಾರಕ್ಕೆ ಸುರಿಯುತ್ತಿದ್ದೆವು. ಇಷ್ಟು ಮಾಡಿ ಠಾಣೆಗೆ ಬಂದು ನಾವು ಕುಡಿಯುತ್ತಿದ್ದದ್ದು ಹಿತ್ತಲ ತೊಟ್ಟಿಯ ನೀರು. ಮುಚ್ಚಳ ಎತ್ತಿದರೆ ಹುಳಗಳು ನಮಗಿಂತ ಶಿಸ್ತಾಗಿ ಪರೇಡ್ ಮಾಡುತ್ತಿದ್ದವು. ಕರವಸ್ತ್ರದಲ್ಲಿ ಸೋಸಿ ಕುಡಿಯುತ್ತಿದ್ದೆವು, ಅದೇ ಕರವಸ್ತ್ರದಿಂದ ಮುಖ ಒರೆಸಿಕೊಳ್ಳುತ್ತಿದ್ದೆವು. ಈಗಲೂ ಲೋಟದ ನೀರನ್ನು ಬೆಳಕಿಗೆ ಹಿಡಿಯದೆ ನಾನು ಕುಡಿಯಲಾರೆ.

ನನ್ನ ಜೋಡಿಗೆ ಹವಾಲ್ದಾರ ಕಾಕಾ ಇದ್ದ. ಅನಗವಾಡಿಯ ಕುರಿ ಸಾಕುವ ಮನೆತನದವನು. ಲಾಠಿಯನ್ನು ಕುರಿಗಾಹಿಯ ಕೋಲಿನಂತೆ ಹೆಗಲ ಮೇಲೆ ಅಡ್ಡ ಹಾಕಿಕೊಂಡು, ಎಂಥ ಗದ್ದಲದ ಗುಂಪನ್ನೂ ಬರೀ ನಾಲಿಗೆ ಲೊಟಗುಟ್ಟಿಸಿ ಚದುರಿಸುತ್ತಿದ್ದ. ನನ್ನ ನಕಲಿಗೆ ಮೊದಲು ನಗುತ್ತಿದ್ದವನೂ ಅವನೇ. ಜ್ವರ ಬಂದು ಹೋದ ಮೇಲೆ ನಗು ನಿಂತಿತು. ಬೆರಳುಗಳು ಮಡಚುತ್ತಿರಲಿಲ್ಲ. ಬೆಳಿಗ್ಗೆ ಅವನ ಶರ್ಟಿನ ಗುಂಡಿಗಳನ್ನು ನಾನೇ ಹಾಕುತ್ತಿದ್ದೆ.

“ಕಾಕಾ, ಮದುಮಗನ್ನ ತಯಾರ ಮಾಡಿದಂಗಾತು ನೋಡ್ರಿ.”

“ಮದಿವಿ ಬ್ಯಾಡಲೇ. ಒಂದ ದಿನಾ ಮಕ್ಕೊಳಾಕ ಬಿಟ್ರ ಸಾಕು.”

ಬನಹಟ್ಟಿಯ ಒಂದು ಮನೆಯಲ್ಲಿ ಹೆಂಗಸೊಬ್ಬಳು ಡ್ರಮ್ಮಿನ ಮುಚ್ಚಳದ ಮೇಲೆಯೇ ಕುಳಿತುಬಿಟ್ಟಳು. “ಚೆಲ್ಲೂದಿದ್ರ ನನ್ನೂ ಕೂಡಿ ಗಟಾರಕ್ಕ ಚೆಲ್ರಿ” ಎಂದಳು. ಆರೋಗ್ಯ ಇಲಾಖೆಯವನು ಕಾಕಾನ ಮುಖ ನೋಡಿದ. ಕಾಕಾ ಲೊಟಗುಟ್ಟಲಿಲ್ಲ, ಬೈಯಲಿಲ್ಲ. ಲಾಠಿಯನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು ಎತ್ತಿದ. ನಾನು ‘ಕಾಕಾ’ ಅನ್ನುವಷ್ಟರಲ್ಲಿ ಅದು ಅವಳ ಮೊಣಕಾಲಿನ ಪಕ್ಕಕ್ಕೆ ಬಿತ್ತು. ಬಿಸಿಲಿಗೆ ಬಿರುಕುಬಿಟ್ಟಿದ್ದ ಪ್ಲಾಸ್ಟಿಕ್ ಡ್ರಮ್ಮು ಸೀಳಿ ನೀರೆಲ್ಲ ಅವಳ ಸೀರೆಯ ಮೇಲೆ ಹರಿಯಿತು. ಅವಳು ಕಿರುಚುತ್ತಾಳೆಂದು ನಾನು ಕಾದೆ. ಅವಳು ಅವನ ಬೆರಳನ್ನೇ ನೋಡುತ್ತಿದ್ದಳು.

“ನಿಮಗೂ ಹತ್ತೇತೇನ್ರೀ? ನಮ್ಮನಿಯವ್ರಿಗೂ ಹಿಂಗ ಆಗೇತಿ. ಮಗ್ಗದ ಮುಂದ ಕುಂತು, ಎಳಿ ಕಟ್ಟಾಕ ಬರವಲ್ದು ಅಂತ ಅಳ್ತಾರ.”

ಹೊರಗೆ ಬಂದ ಮೇಲೆ ಕಾಕಾ ಹೇಳಿದ: “ಇನ್ನೊಮ್ಮೆ ಎತ್ತಿದ್ರ ಈ ಲಾಠಿ ಯಾರದರ ತಲೀ ಮ್ಯಾಲ ಬೀಳತೈತೆಲೇ. ಬಿದ್ರೂ ನನಗೇನೂ ಅನಸಾಂಗಿಲ್ಲ. ಅದ ನನಗ ಹೆದರಿಕಿ.”

ಅಂದು ಸಂಜೆ ಅವನು ಸಾಹೇಬರ ಮುಂದೆ ನಿಂತು ಎರಡು ದಿನದ ರಜೆ ಕೇಳಿದ.

“ಹ್ಞೂಂ. ನೋವು ಯಾರಿಗಿಲ್ಲ? ನೋವು ಡ್ಯೂಟಿಗಿ ಅಡ್ಡ ಬರಬಾರ್ದು. ಹೋಗು, ಬಾಗಿಲ ಕಾಯಿ.”

ಅದೇ ಸಂಜೆ ಸಾಹೇಬರ ಕೋಣೆಗೆ ಸ್ನೇಹಿತರು ಬಂದಿದ್ದರು. “ಏ ನಕಲಿ, ಆ ಹವಾಲ್ದಾರ ನಡ್ಯೂದು ತೋರಸಲೇ” ಎಂದರು ಸಾಹೇಬರು. ನಾನು ತೋರಿಸಿದೆ. ನೌಕರಿಯವನಲ್ಲವೇ, ಬಾಗಿ, ಬೆರಳು ಸೆಟೆಸಿ, ಕೋಣೆ ಸುತ್ತಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬನ ಬಾಯಿಂದ ಕೋಳಿಯ ತುಣುಕು ಮೇಜಿನ ಮೇಲೆ ಬಿತ್ತು, ಅದನ್ನು ಹೆಕ್ಕಿ ಮತ್ತೆ ಬಾಯಿಗಿಟ್ಟುಕೊಂಡ. ಬಾಗಿಲಲ್ಲಿ ಕಾಕಾ ನಿಂತಿದ್ದ. ನೋಡಿದ, ಮುಖ ಹೊರಗೆ ತಿರುಗಿಸಿ ಬಾಗಿಲು ಕಾಯತೊಡಗಿದ. ಬೈದಿದ್ದರೆ ನನಗೆ ಆ ರಾತ್ರಿ ಊಟವಾದರೂ ಸೇರುತ್ತಿತ್ತು.

ಆಮೇಲೆ ಜ್ವರ ಸಾಹೇಬರಿಗೇ ಬಂತು. ಅವರು “ಅವ್ವಾ, ಅವ್ವಾ” ಎಂದು ನರಳಿದ್ದು ಗೇಟಿನ ತನಕ ಕೇಳಿಸಿತು. ಜೀಪಿನಲ್ಲಿ ಗಾದಿ ಹಾಸಿ, ದಿಂಬು, ಫ್ಲಾಸ್ಕು ಇಟ್ಟು ಮಿರಜಿನ ಖಾಸಗಿ ಆಸ್ಪತ್ರೆಗೆ ಒಯ್ದರು. ಅವರ ತಲೆಯ ಕಡೆ ಹಿಡಿದು ಜೀಪಿಗೆ ಹತ್ತಿಸಿದ್ದು ಕಾಕಾ, ಮೊಣಕೈಗಳಿಂದ, ಬೆರಳು ಮಡಚಲು ಬಾರದ್ದಕ್ಕೆ. ಅವರ ನೋವು ಮಾತ್ರ ಡ್ಯೂಟಿಗೆ ಅಡ್ಡ ಬರಬಹುದಾದ ನೋವು.

ಕಾಕಾನಿಗೆ ಎರಡು ದಿನದ ರಜೆ ಕೇಳಲು ನಾನು ಎಎಸ್‌ಐ ಹತ್ತಿರ ಹೋದೆ. ಅವನೂ ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು, ಸ್ಟೂಲಿನ ಮೇಲೆ ಕಾಲು ಚಾಚಿ ಕುಳಿತಿದ್ದ.

“ಅರೇ ಬಾಬಾ, ಸಾಹೇಬ್ರು ಹೇಳಲಾರ್ದ ರಜಾ ಕೊಟ್ರ ಬಂದ ಮ್ಯಾಲ ನನ್ನ ಚರ್ಮಾ ಸುಲೀತಾರ. ಅವರ ಹೇಳ್ಬೇಕು.”

ಅವರೇ ಹೇಳಬೇಕು. ಸರಿ, ಬಸ್ ನಿಲ್ದಾಣದ ಎದುರಿನ ಎಸ್‌ಟಿಡಿ ಬೂತಿಗೆ ಹೋಗಿ, ಗಾಜಿನ ಬಾಗಿಲು ಎಳೆದುಕೊಂಡು ಠಾಣೆಗೆ ಫೋನ್ ಹಚ್ಚಿದೆ. ಒಳಗೆ ಯಾರದೋ ಉಗುಳಿನ ವಾಸನೆ. ರಿಸೀವರಿನ ತೂತುಗಳಲ್ಲಿ ಎಲೆಅಡಿಕೆ ಒಣಗಿತ್ತು.

“ಹ್ಞೂಂ. ಯಾರಲೇ? ಏನ ಮಲಗೀರೇನು ಎಲ್ಲಾರೂ? ಆ ಹವಾಲ್ದಾರನ್ನ ಎರಡ ದಿನಾ ಊರಿಗೆ ಕಳಸ್ರಿ. ಪಾಪ, ಮುದುಕ ಭಾಳ ತ್ರಾಸ ಪಡಾಕತ್ತಾನ.”

“ಆತ್ರಿ ಸರ್” ಎಂದಿತು ಆ ಕಡೆಯಿಂದ ಎಎಸ್‌ಐ ದನಿ.

ಏನೂ ಅರಿಯದವನಂತೆ ಠಾಣೆಗೆ ಬಂದರೆ ಎಎಸ್‌ಐ ಬೆರಳಾಡಿಸಿ ಕರೆದ.

“ಛಲೋ ಮಾಡ್ತಿ ಮಗನ. ಹ್ಞೂಂ ಅನ್ನೂದು ಬರೋಬ್ಬರಿ. ಬೈದದ್ದೂ ಬರೋಬ್ಬರಿ. ಖರೆ ‘ಪಾಪ’ ಅಂದಿ ನೋಡು, ಅಲ್ಲೇ ಸಿಕ್ಕಿ. ಇಷ್ಟ ವರ್ಷ ಆತು, ಆ ಮನಷ್ಯಾನ ಬಾಯಾಗ ಆ ಮಾತ ಒಮ್ಮೆನೂ ಕೇಳಿಲ್ಲ ನಾ.”

ನೌಕರಿ ಹೋಯಿತು ಅಂದುಕೊಂಡೆ. ಅವನು ಕಾಲನ್ನು ಎರಡೂ ಕೈಯಿಂದ ಎತ್ತಿ ನೆಲಕ್ಕಿಟ್ಟ.

“ಸಾಹೇಬ್ರ ಫೋನ್ ಬಂದಿತ್ತು. ನಾ ಕೇಳೇನಿ. ನೀ ಎಲ್ಲಿದ್ದಿ?”

“ಚಾ ಕುಡ್ಯಾಕ ಹೋಗಿದ್ದೆರೀ.”

“ಎರಡ ದಿನಾ. ಅವನ ಡ್ಯೂಟಿನೂ ನೀನ ಮಾಡು.”

ಕಾಕಾನನ್ನು ಬಸ್ಸಿಗೆ ಹತ್ತಿಸಿ ಬಂದೆ. ಖುಷಿಯಾಗಬೇಕಿತ್ತು, ಆಗಲಿಲ್ಲ. ದುಡಿದು ಸವೆದ ಮನುಷ್ಯನೊಬ್ಬ ಒಂದು ದಿನ ಮಲಗುವುದಕ್ಕೆ ಮತ್ತೊಬ್ಬನ ಗಂಟಲು ಕದಿಯಬೇಕಿತ್ತು. ಕದ್ದ ಗಂಟಲಿಗೂ ಕರುಣೆಯ ಮಾತು ಒಗ್ಗಲಿಲ್ಲ. ಇದನ್ನು ನೆನೆದರೆ ಇವತ್ತಿಗೂ ಬಾಯಿ ಮುಕ್ಕಳಿಸಬೇಕೆನಿಸುತ್ತದೆ.

ಎರಡು ದಿನ ಇಬ್ಬರ ಕೆಲಸ ಮಾಡಿದೆ. ಎರಡನೆಯ ದಿನ ರಬಕವಿಯಲ್ಲಿ ಮುದುಕನೊಬ್ಬ, “ಈ ಕೊಡಾ ಒಂದ ಬಿಡಪ್ಪಾ, ದೇವರಿಗಿ ಇಟ್ಟೇನಿ” ಎಂದ. ನಾನು ಅವನ ಮೇಲೆ ಹರಿಹಾಯ್ದು ಕೊಡ ಒದ್ದೆ. ಯಾರ ದನಿ ಅದು ಅಂತ ಒಂದು ಕ್ಷಣ ಹುಡುಕಿದೆ. ಸಾಹೇಬರದಲ್ಲ, ಎಎಸ್‌ಐದಲ್ಲ. ನನ್ನದೇ.

ಮೂರನೆಯ ಬೆಳಿಗ್ಗೆ ಕಾಕಾ ಬಂದ. ಕಣ್ಣುಗಳು ಮೊದಲಿಗಿಂತ ಕೆಂಪಾಗಿದ್ದವು. ಗುಂಡಿ ಹಾಕುತ್ತ ಕೇಳಿದೆ:

“ಮಕ್ಕೊಂಡ್ರೇನ್ರಿ, ಕಾಕಾ?”

“ಎಲ್ಲೀದಲೇ. ಊರಾಗೂ ಮನಿಗೊಬ್ರು ಬಿದ್ದಾರ. ನೀರಿನ ಟ್ಯಾಂಕರ್ ಬಂತಂದ್ರ ಹೊಡದಾಟ. ‘ಪೊಲೀಸ್ನವ ಊರಾಗ ಅದಾನ’ ಅಂತ ಮನೀಗೆ ಬಂದು ಎಬ್ಬಿಸಿದ್ರು. ಎರಡೂ ದಿನಾ ಬನೀನ ಮ್ಯಾಲನ ಮಂದೀನ ಪಾಳಿಗಿ ಹಚಗೋತ ನಿಂತೆ.”

“ಒಟ್ಟ ಮಕ್ಕೊಳ್ಳೇ ಇಲ್ಲ?”

“ಬಸ್ಸಿನ್ಯಾಗ ಮಕ್ಕೊಂಡೆ. ಮುಧೋಳ ತನಾ. ಅಲ್ಲಿ ಒಬ್ಬಾಕಿ ಖಾಕಿ ಪ್ಯಾಂಟ ನೋಡಿ ಎಬ್ಬಿಸಿ, ‘ಪೊಲೀಸ್ರ, ಈ ಸೀಟಿನ ಜಗಳ ಬಗೀಹರಸ್ರೀ’ ಅಂದ್ಲು.”

“ಬಗೀಹರಸಿದ್ರೇನ್ರಿ?”

“ನನ್ನ ಸೀಟ ಕೊಟ್ಟು ನಿಂತ ಬಂದೆ.”

ಹೊರಗೆ ಬನಹಟ್ಟಿಗೆ ಹೋಗುವ ಜೀಪು ಹಾರ್ನ್ ಹೊಡೆಯಿತು. ಕೊನೆಯ ಗುಂಡಿ ಹಾಕಿ ಲಾಠಿಯನ್ನು ಅವನ ಅಂಗೈಗಳ ನಡುವೆ ಇಡಲು ಹೋದೆ. ಅವನು ಕೈ ಹಿಂದಕ್ಕೆಳೆದುಕೊಂಡ.

“ಅದನ್ನ ಇಲ್ಲೇ ಬಿಡು” ಎಂದ.

ಲಾಠಿಯನ್ನು ಗೋಡೆಗೆ ಆನಿಸಿ, ಅವನ ಮೊಣಕೈಗೆ ಕೈ ಕೊಟ್ಟು ಜೀಪಿಗೆ ಹತ್ತಿಸಿದೆ.