ಸಾತವ್ವ ತೋರಿಸುವ ಮಹಾಬಳೇಶ್ವರ

ಸಾತವ್ವನ ಜೊತೆ ಹೋಗದವರು ಮಹಾಬಳೇಶ್ವರ ನೋಡಿಯೇ ಇಲ್ಲ ಅಂತ ಮುಳವಾಡದ ಹೆಂಗಸರು ಖಡಾಖಂಡಿತವಾಗಿ ಹೇಳುತ್ತಾರೆ. ಆ ಮಾತಿನಲ್ಲಿ ಸುಳ್ಳೇನೂ ಇಲ್ಲ. ಹಿಂಗಾರಿ ಬಿತ್ತನೆ ಮುಗಿದು ಕೈ ಬಿಡುವಾದ ಕೂಡಲೇ ಓಣಿಯವರನ್ನೆಲ್ಲ ಒಂದು ಕ್ರೂಸರ್ ಗಾಡಿಯಲ್ಲಿ ತುಂಬಿಕೊಂಡು ಅವಳು ಘಟ್ಟ ಹತ್ತಿಸುತ್ತಾಳೆ. ಅಲ್ಲಿನ ಗೈಡುಗಳು ಲಾಟ್‌ಸಾಹೇಬ ಇಲ್ಲಿ ಬೇಸಿಗೆ ಕಳೆದ, ಅವನ ಮೇಮ್‌ಸಾಹೇಬಳು ಅಲ್ಲಿ ಕುದುರೆ ಹತ್ತಿದಳು ಅಂತ ಪಟಪಟ ಪಾಠ ಒಪ್ಪಿಸಿ ಮುಂದಿನ ಗಿರಾಕಿ ಹುಡುಕುತ್ತಾರೆ. ಸಾತವ್ವನಿಗೆ ಅಂಥ ಅವಸರವಿಲ್ಲ. ಮೊದಲು ಕೃಷ್ಣೆ ಹುಟ್ಟುವ ಗುಡಿಗೆ ಕರೆದೊಯ್ದು ಎಲ್ಲರ ಬೊಗಸೆಗೂ ನೀರು ಹಿಡಿಸುತ್ತಾಳೆ.

"ಗುರ್ತ ಹತ್ತೇತೇನ್ರಿ? ನಮ್ಮ ಕಾಲುವಿಗೆ ಬರೂ ನೀರ ಇದ. ಇದು ನಮ್ಮೂರಿಗೆ ಹೊಂಟೈತಿ, ನಾವು ಇದರ ಊರಿಗೆ ಬಂದೇವಿ."

ಆಮೇಲೆ ಇಂಗ್ಲಿಷರ ಬಂಗಲೆ, ಚರ್ಚು, ಬಜಾರು. ಕಡೆಗೆ ರಸ್ತೆ ತಿರುವಿನ ಒಂದು ಕಲ್ಲಿನ ಗೋಡೆ. ಮದುವೆಯಾದ ಹೊಸತರಲ್ಲಿ ಅವಳು ಗಂಡನ ಜೊತೆ ಇಲ್ಲಿಗೆ ದುಡಿಯಲು ಬಂದಿದ್ದಳು. ಮಳೆಗೆ ಗುಡ್ಡ ಕುಸಿದು ಹಳೆಯ ಬಂಗಲೆಯೊಂದು ಬೀಳುವಂತಾದಾಗ ಎಬ್ಬಿಸಿದ ಗೋಡೆ ಅದು. ಗೌಂಡಿಯಾಗಿದ್ದ ಗಂಡ ಬಸಣ್ಣ ಕಟ್ಟಿದ, ಸಾತವ್ವ ತಲೆಯ ಮೇಲೆ ಕಲ್ಲು ಹೊತ್ತು ಕೊಟ್ಟಳು. ಅದರ ಮುಂದೆ ನಿಂತಾಗ ಅವಳ ಸೆರಗು ತಾನಾಗಿ ನೇರವಾಗುತ್ತದೆ.

"ಮುಟ್ರಿ. ಇಂಗ್ಲಿಷರ ಊರಂತಾರ ಇದಕ್ಕ. ಅವರು ಹೋದ್ರು. ನಿಂತದ್ದು ನಮ್ಮ ಗ್ವಾಡಿ!"

ಈ ವರ್ಷ ಮಗಳು ಪಲ್ಲವಿಯೂ ಹೊರಟಳು. ಹೋದ ವರ್ಷವಷ್ಟೇ ಬಾಗೇವಾಡಿಗೆ ಕೊಟ್ಟ ಹುಡುಗಿ. ಜೊತೆಗೆ ಅವಳ ಅತ್ತೆ, ನಿವೃತ್ತ ಶಿಕ್ಷಕಿ ವಿಜಯಶ್ರೀ. ಹೊರಡುವ ಮುಂಚೆ ಪಲ್ಲವಿ ತಾಯಿಯನ್ನು ಪಕ್ಕಕ್ಕೆ ಕರೆದಳು.

"ಅವ್ವಾ, ನಮ್ಮತ್ತಿ ಮುಂದ ಆ ಗ್ವಾಡಿ ಸುದ್ದಿ ತೆಗೀಬ್ಯಾಡ. ನೀ ಕೂಲಿ ಮಾಡಿದ್ದು ಅವರಿಗ್ಯಾಕ ಗೊತ್ತಾಗಬೇಕ?"

ಸಾತವ್ವ ಹೂಂ ಅಂದಳು. ಅಂದದ್ದೇನೋ ಅಂದಳು, ಒಳಗೆ ಮುಳ್ಳು ಮುರಿದಂತಾಯಿತು. ಆದರೆ ಮಗಳ ಸಂಸಾರಕ್ಕಿಂತ ಗೋಡೆ ದೊಡ್ಡದೇ?

ಮಹಾಬಳೇಶ್ವರದಲ್ಲಿ ಮಂಜು ಕವಿದಿತ್ತು. ಗುಡಿ, ಬಂಗಲೆ, ಚರ್ಚು ಎಲ್ಲ ಆಯಿತು. ತಿರುವು ಬಂದಾಗ ಸಾತವ್ವ ಗಾಡಿಯನ್ನು ಬೇರೆ ದಾರಿಗೆ ಹೊರಳಿಸಲು ಹೇಳಿದಳು. ಗೋಡೆಯ ಎದುರಿಗೇ ಅಯೂಬನ ಚಹಾದಂಗಡಿ ಇತ್ತು. ಸಿಂದಗಿಯಿಂದ ಬಂದು ಆ ಕಾಲದಿಂದಲೂ ಅಲ್ಲೇ ಇರುವ ಅಯೂಬ ಬಾಯಿ ತೆರೆದರೆ ಎಲ್ಲ ಮುಗಿದಂತೆಯೇ.

ಮಧ್ಯಾಹ್ನ ಮರದಡಿ ಬುತ್ತಿ ಬಿಚ್ಚಿದರು. ಊರಿನಲ್ಲಿ ವಾರಗಟ್ಟಲೆ ಗರಿಗರಿಯಾಗಿರುವ ಖಡಕ್ ರೊಟ್ಟಿ ಆ ಮಂಜಿಗೆ ತಂಪು ಹಿಡಿದಿತ್ತು. ವಿಜಯಶ್ರೀ ಒಂದನ್ನು ಎತ್ತಿದರು, ಅದು ಒದ್ದೆ ಕರ್ಚೀಫಿನ ಹಾಗೆ ಜೋತುಬಿತ್ತು.

"ಈ ಸಲ ಅಯೂಬಣ್ಣನ ಒಲಿ ಮರತಿಯೇನ ಸಾತವ್ವ?" ಅಂದಳು ನೆರೆಮನೆಯ ಸಿದ್ದಲಿಂಗವ್ವ. "ಪ್ರತಿ ವರ್ಷಾ ಅಲ್ಲೇ ಬಿಸಿ ಮಾಡಿ ಖಡಕ್ ಮಾಡ್ಕೋತಿದ್ವಲ್ಲ!"

"ಹಂಗಾರ ನಡ್ರಿ ಅಲ್ಲಿಗೇ," ಅಂತ ವಿಜಯಶ್ರೀ ಎದ್ದೇಬಿಟ್ಟರು. "ಮೆತ್ತನ ರೊಟ್ಟಿ ನನಗ ಗಂಟಲಾಗ ಇಳಿಯಂಗಿಲ್ಲ."

ಪಲ್ಲವಿಯ ಮುಖ ಬಿಳಿಚಿತು. ಸಾತವ್ವ ಬೇರೆ ದಾರಿ ಕಾಣದೆ ರೊಟ್ಟಿ ಗಂಟು ಕಟ್ಟಿಕೊಂಡು ಗಾಡಿಯನ್ನು ಅಯೂಬನ ಅಂಗಡಿಯತ್ತ ತಿರುಗಿಸಲು ಹೇಳಿದಳು.

ಅಯೂಬ ಅಂಗಡಿಯಿಂದ ಹೊರಗೆ ಬಂದು ಸಾತವ್ವನ ಕೈಯಿಂದ ರೊಟ್ಟಿ ಗಂಟು ಇಸಿದುಕೊಂಡ. "ಬಾರಕ್ಕಾ, ಇನ್ನೂ ಬರಲಿಲ್ಲಲ್ಲ ಅಂತ ದಾರಿ ನೋಡಾಕತ್ತಿದ್ದೆ." ಒಲೆಯ ಮೇಲೆ ರೊಟ್ಟಿ ಹಾಕುತ್ತ ಪಲ್ಲವಿಯನ್ನು ದಿಟ್ಟಿಸಿದ. "ಈಕಿ ಆ ಗಿಡಕ್ಕ ಕಟ್ಟಿದ ಸೀರಿ ಜೋಳಿಗ್ಯಾಗ ಮಲಗತಿದ್ದ ಕೂಸಲ್ಲೇನ? ನೀ ಆ ಗ್ವಾಡಿಗೆ ಕಲ್ಲು ಹೊರುವಾಗ ನಾನ ತೂಗೇನಿ ಈಕಿನ್ನ!"

ಸಾತವ್ವ ಬೀಗಿತ್ತಿಯ ಕಡೆ ನೋಡಲಿಲ್ಲ, ಮಗಳನ್ನು ನೋಡಿದಳು.

ವಿಜಯಶ್ರೀ ಬಿಸಿ ರೊಟ್ಟಿಯನ್ನು ಲಟಕ್ಕನೆ ಮುರಿದರು. ಅವರಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

"ಬೀಗರ, ಊರೆಲ್ಲಾ ತೋರಿಸಿದ್ರಿ. ನಮ್ಮ ಸೊಸಿ ಬೆಳದ ಜಾಗಾನ ಮುಚ್ಚಿಟ್ಟು ಹೊಂಟಿದ್ರಲ್ಲ! ನಮ್ಮನ್ನ ಇಷ್ಟ ಏನ ತಿಳಕೊಂಡದ್ದು? ನಡ್ರಿ, ಮೊದಲ ಆ ಗ್ವಾಡಿ ತೋರಸ್ರಿ. ಊಟ ಆಮ್ಯಾಲ."

ರಸ್ತೆ ದಾಟಿ ಎಲ್ಲರೂ ಗೋಡೆಯ ಮುಂದೆ ನಿಂತರು. ಕಲ್ಲಿನ ಸಂದಿಯಲ್ಲಿ ಪಾಚಿ ಹಬ್ಬಿತ್ತು, ಒಂದು ಕಲ್ಲೂ ಅಲುಗಿರಲಿಲ್ಲ. ಸಾತವ್ವ ಎಂದಿನಂತೆ ಮಾತಾಡಲು ಬಾಯಿ ತೆರೆದಳು. ಕಣ್ಣು ತುಂಬಿ ಬಂದು ಸ್ವರವೇ ಹೊರಡಲಿಲ್ಲ. ಅಷ್ಟು ವರ್ಷ ಪಟಪಟ ಆಡಿದ ಮಾತು ಅವತ್ತೇ ಕೈಕೊಟ್ಟಿತು.

ಪಲ್ಲವಿ ಮುಂದೆ ಬಂದಳು. ಅತ್ತೆಯ ಕೈ ಹಿಡಿದು ಆ ತಣ್ಣನೆಯ ಕಲ್ಲಿನ ಮೇಲೆ ಇರಿಸಿದಳು. ಚಿಕ್ಕಂದಿನಿಂದ ಕೇಳಿ ಅವಳಿಗೂ ಬಾಯಿಪಾಠವಾಗಿದ್ದ ಮಾತು ಅದು.

"ಮುಟ್ರಿ ಅತ್ತಿ. ಇಂಗ್ಲಿಷರ ಊರಂತಾರ ಇದಕ್ಕ. ಅವರು ಹೋದ್ರು." ತಾಯಿಯ ಕಡೆ ತಿರುಗಿದಳು. "ನಿಂತದ್ದು ನಮ್ಮವ್ವನ ಗ್ವಾಡಿ."